ಲಾಂಚ್ ಮಾನಿಟರ್ ನಂಬಿ ಗ್ರಿಪ್ ಬದಲಾಯಿಸುವ ಮುಂಚೆ ಒಂದು ದಾರ ಹಿಡಿದು ನೋಡಿ

ಮನೆಯಲ್ಲೇ ಬಲೆ ಕಟ್ಟಿಕೊಂಡು, ಲಾಂಚ್ ಮಾನಿಟರ್ (ಹೊಡೆದ ಚೆಂಡಿನ ವೇಗ, ದಿಕ್ಕು ಅಳೆಯುವ ಯಂತ್ರ) ಇಟ್ಟುಕೊಂಡು ಗಾಲ್ಫ್ ಕಲಿಯುತ್ತಿರುವವರು ದಯವಿಟ್ಟು ಓದಿ. ನನಗೆ ಎರಡು ತಿಂಗಳು ದಂಡವಾಯಿತು.

ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಇಲ್ಲಿ ಗಾಲ್ಫ್ ಅಂದ್ರೆ ಜನ ನಮ್ಮ ಮುಖ ನೋಡುತ್ತಾರೆ. ಆಡಬೇಕಾದರೆ ನಾನು ಚಿಕ್ಕಮಗಳೂರಿಗೆ ಹೋಗುತ್ತೇನೆ. ಅದಕ್ಕೇ ತಾರಸಿ ಮೇಲೆ ಬಲೆ ಕಟ್ಟಿ, ಹಿಂದೆ ಟಾರ್ಪಾಲು ಇಳಿಬಿಟ್ಟು, ಅದರ ಮೇಲೆ ಕೆಂಪು ಬಣ್ಣದಲ್ಲಿ ಗುರಿ ಬರೆದುಕೊಂಡೆ. 45,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ರೇಡಾರ್ ಮಾನಿಟರ್ ತಂದೆ. ಪುಟ್ಟ ಡಬ್ಬಿ. ಚೆಂಡಿನ ಹಿಂದೆ ಏಳು ಅಡಿ ದೂರದಲ್ಲಿ ಇಡಬೇಕು. ಹೊಡೆದ ತಕ್ಷಣ ಬಾಲ್ ಸ್ಪೀಡ್, ಲಾಂಚ್ ಆ್ಯಂಗಲ್ (ಚೆಂಡು ಮೇಲೇಳುವ ಕೋನ), ಸ್ಪಿನ್ (ಚೆಂಡು ತಿರುಗುವ ವೇಗ), ಕ್ಯಾರಿ (ನೆಲಕ್ಕೆ ಬೀಳುವವರೆಗೆ ಹಾರುವ ದೂರ) ಎಲ್ಲ ಮೊಬೈಲಿಗೆ ಬರುತ್ತೆ.

ಮೊದಲ ದಿನ 7 ಐರನ್ ಅನ್ನೋ ಕ್ಲಬ್‌ನಿಂದ (ಗಾಲ್ಫ್ ಕೋಲು) ಹೊಡೆದೆ. ಲಾಂಚ್ ಡೈರೆಕ್ಷನ್, ಅಂದ್ರೆ ಚೆಂಡು ಹೊರಡುವ ದಿಕ್ಕು, ಬಲಕ್ಕೆ 5.5 ಡಿಗ್ರಿ. ಆಮೇಲೆ 6.2. ಆಮೇಲೆ 5.9. ಅಲ್ಲೇ ಅನುಮಾನ ಬರಬೇಕಿತ್ತು. ನನ್ನಂಥವನ ಏಟು ಅಷ್ಟು ಶಿಸ್ತಾಗಿ ತಪ್ಪುತ್ತಾ?

ಚೆಂಡು ಎತ್ತ ಹೊರಡುತ್ತೆ ಅನ್ನೋದು ಬಹುಪಾಲು, ತಾಗುವ ಹೊತ್ತಿಗೆ ಕ್ಲಬ್‌ಫೇಸ್ (ಕೋಲಿನ ತುದಿಯ ಹೊಡೆಯುವ ಮುಖ) ಎತ್ತ ತಿರುಗಿತ್ತು ಅನ್ನೋದರ ಮೇಲೆ ಹೋಗುತ್ತೆ. ಈ ಮಾತು ಸರಿಯೇ. ಹಾಗಾಗಿ ನನ್ನ ಫೇಸ್ ಓಪನ್ ಆಗ್ತಿದೆ, ಅಂದ್ರೆ ಬಲಕ್ಕೆ ತಿರುಗ್ತಿದೆ ಅಂತ ತೀರ್ಮಾನ ಮಾಡಿದೆ. ಒಬ್ಬ ಆನ್‌ಲೈನ್ ಕೋಚ್‌ಗೆ 8,000 ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದೆ. ಅವರೂ ಅದನ್ನೇ ಹೇಳಿದರು. "ಗ್ರಿಪ್ ಸ್ಟ್ರಾಂಗ್ ಮಾಡಿ, ಎರಡೂ ಕೈ ಬಲಕ್ಕೆ ತಿರುಗಿಸಿ ಹಿಡೀರಿ." ಮಾನಿಟರ್ ಹೇಗೆ ಇಟ್ಟಿದ್ದೀರಿ, ಒಂದು ಫೋಟೊ ಕಳಿಸಿ ಅಂತ ಒಂದು ಸಲವೂ ಕೇಳಲಿಲ್ಲ. ನನಗಂತೂ ಹೊಳೆಯಲೇ ಇಲ್ಲ ಬಿಡಿ.

ದಿನಾ ಬೆಳಿಗ್ಗೆ ಎಂಬತ್ತು ಚೆಂಡು. ಅಂಗೈಯಲ್ಲಿ ಬೊಬ್ಬೆ. ಆರು ವಾರಕ್ಕೆ ಮೊಬೈಲ್ ಪರದೆ ಮೇಲೆ ದಿಕ್ಕು ಸೊನ್ನೆ ಬರತೊಡಗಿತು. ಖುಷಿಯಲ್ಲಿ ಸ್ಟೇಟಸ್ ಬೇರೆ ಹಾಕಿಕೊಂಡೆ.

ಒಂದು ಭಾನುವಾರ ಬೆಳಗಿನ ಜಾವ ಎದ್ದು ಚಿಕ್ಕಮಗಳೂರಿಗೆ ಹೋದೆ. ಮೊದಲ ಏಟೇ ಎಡಕ್ಕೆ ಹೊರಟು ಇನ್ನೂ ಎಡಕ್ಕೆ ಬಾಗಿ ಮರಗಳೊಳಗೆ ಹೋಯಿತು. ಎರಡನೆಯದೂ ಹಾಗೇ. ಒಂಬತ್ತು ಹೋಲ್ ಮುಗಿಯುವಷ್ಟರಲ್ಲಿ ಹನ್ನೊಂದು ಚೆಂಡು ಕಳೆದಿದ್ದೆ. ಜೊತೆಗಿದ್ದ ಹಿರಿಯರೊಬ್ಬರು ಪಾಪ, ತಮ್ಮ ಬ್ಯಾಗಿನಿಂದ ನಾಲ್ಕು ಕೊಟ್ಟರು. ಅವೂ ಹೋದವು.

ಗುಟ್ಟು ರಟ್ಟು ಮಾಡಿದ್ದು ಗಾರೆ ಮೇಸ್ತ್ರಿ. ತಾರಸಿ ಸೋರುತ್ತೆ ಅಂತ ಕರೆಸಿದ್ದೆವು. ಟಾರ್ಪಾಲು ನೋಡಿ ನಕ್ಕರು. "ಗುರಿ ಇಲ್ಲೈತಿ, ಏಟೆಲ್ಲ ಅಲ್ಲಿ ಬಿದ್ದಾವಲ್ರಿ ಸಾರ್?" ನಿಜ. ಕೆಂಪು ಗುರುತಿನಿಂದ ಒಂದು ಅಡಿ ಎಡಕ್ಕೆ ಟಾರ್ಪಾಲು ಸವೆದು ನೂಲು ಎದ್ದಿತ್ತು. ನಾನು ಮೊಬೈಲು ನೋಡ್ತಿದ್ದೆ, ಟಾರ್ಪಾಲು ನೋಡಿದವರು ಯಾರು? ಅವರೇ ತಮ್ಮ ದಾರ ತೆಗೆದು ಡಬ್ಬಿಯ ನೇರಕ್ಕೆ ಹಿಡಿದರು. ದಾರ ಗುರಿಗೆ ಹೋಗಲಿಲ್ಲ. ಆ ಸವೆದ ಜಾಗಕ್ಕೇ ಹೋಯಿತು. ಡಬ್ಬಿಯನ್ನು ನಾನು ಪ್ಯಾರಾಪೆಟ್ ಗೋಡೆಗೆ ನೇರವಾಗಿ ಇಟ್ಟಿದ್ದೆ. ಬಲೆಯೋ, ನೀರಿನ ಟ್ಯಾಂಕಿನ ಕಂಬಕ್ಕೆ ಸೊಟ್ಟಗೆ ಕಟ್ಟಿದ್ದು.

ಚೆಂಡಿನಿಂದ ಬಲೆಗೆ ಹತ್ತು ಅಡಿ. ಹತ್ತು ಅಡಿಗೆ ಒಂದು ಅಡಿ ಅಂದ್ರೆ ಸುಮಾರು 6 ಡಿಗ್ರಿ. ಮೈದಾನದಲ್ಲಿ 150 ಗಜಕ್ಕೆ ಸುಮಾರು ಹದಿನೈದು ಗಜ. ಡಬ್ಬಿಯೇ ಅಷ್ಟು ಎಡಕ್ಕೆ ಮುಖ ಮಾಡಿತ್ತು, ಅಂದ್ರೆ ಮೊದಲ ದಿನ ನಾನು ಗುರಿಗೆ ನೆಟ್ಟಗೇ ಹೊಡೆದಿದ್ದೆ. ಸರಿ ಇದ್ದದ್ದನ್ನು ದುಡ್ಡು ಕೊಟ್ಟು ಕೆಡಿಸಿಕೊಂಡೆ!

ಆಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಇಂಥ ಅಗ್ಗದ ರೇಡಾರ್ ಯಂತ್ರ ಬಲೆಯ ಮುಂದೆ ನಿಜವಾಗಿ ಅಳೆಯುವುದು ವೇಗ, ಕೋನ, ದಿಕ್ಕು ಇಷ್ಟೇ. ಚೆಂಡು ಹತ್ತು ಅಡಿಗೇ ಬಲೆಗೆ ಬಿದ್ದರೆ ಅದು ತಿರುಗೋದನ್ನು ಹಿಡಿಯಲು ಸಮಯವೇ ಸಿಗೋದಿಲ್ಲ. ಸ್ಪಿನ್ ಅನ್ನು ಅಂದಾಜು ಮಾಡಿ ತೋರಿಸುತ್ತೆ. ಕ್ಯಾರಿ ಆ ಅಂದಾಜಿನ ಮೇಲಿನ ಲೆಕ್ಕ. ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರ ಆಟಗಾರರ 7 ಐರನ್ ಸ್ಪಿನ್ ಸರಾಸರಿ ನಿಮಿಷಕ್ಕೆ 7,000 ಸುತ್ತಿನ ಆಸುಪಾಸು. ನನ್ನದೂ ದಿನಾ 7,000 ಹತ್ತಿರ ಬರ್ತಿತ್ತು, ನಾನು ಬೀಗುತ್ತಿದ್ದೆ. ಬಲೆಯೊಳಗೆ ಸ್ಪಿನ್ ಬೇಕೇ ಬೇಕು ಅಂದ್ರೆ ರೇಡಾರ್‌ಗೆ ಕಾಣುವ ಗುರುತು ಇರುವ ಚೆಂಡು ಸಿಗುತ್ತೆ, ದುಬಾರಿ. ಇಲ್ಲದಿದ್ದರೆ ಆ ಕಾಲಮ್ಮನ್ನೇ ಮುಚ್ಚಿಬಿಡಿ.

ಈಗ ಹೊಡೆಯುವ ಮುಂಚೆ ಡಬ್ಬಿಯಿಂದ ಚೆಂಡಿನ ಮೇಲೆ ಹಾಯಿಸಿ ಗುರಿಯವರೆಗೆ ದಾರ ಎಳೆಯುತ್ತೇನೆ. ಹತ್ತು ಏಟಿಗೊಮ್ಮೆ ಟಾರ್ಪಾಲು ನೋಡುತ್ತೇನೆ. ಪರದೆ ಸೊನ್ನೆ ಅಂದು ಟಾರ್ಪಾಲು ಇಲ್ಲ ಅಂದರೆ ಟಾರ್ಪಾಲಿನ ಮಾತೇ ಕೇಳೋದು. ಹಳೇ ಗ್ರಿಪ್ ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. ಕೋಚ್‌ಗೆ ದಾರದ ಫೋಟೊ ಕಳಿಸಿದ್ದೆ. ನೋಡಿದ್ದಾರೆ, ಉತ್ತರ ಇಲ್ಲ.