ಪಶು ಆಸ್ಪತ್ರೆಯ 35 ಲೀಟರ್ ನೈಟ್ರೋಜನ್ ಕ್ಯಾನ್ ಟಿ ಕೋಶಗಳಿಗೆ ಆದೀತೇ? ಕಲಬುರಗಿಯ ಸಣ್ಣ ಲ್ಯಾಬ್‌ಗಳಿಗೊಂದು ವಿಮರ್ಶೆ

ಬೀದರ್ ಕಡೆ ದೇವಣಿ ದನ ಸಾಕಿದವರಿಗೆ ಈ ಕ್ಯಾನಿನ ಗುರುತು ಹೇಳಬೇಕಿಲ್ಲ. ಕುತ್ತಿಗೆ ಸಣ್ಣದು, ಹೊಟ್ಟೆ ದೊಡ್ಡದು, ಮೈಯೆಲ್ಲ ಅಲ್ಯೂಮಿನಿಯಂ. ಮುಚ್ಚಳ ಎತ್ತಿದರೆ ಬಿಳಿ ಹೊಗೆ ಮೇಲೇರುವ ಬದಲು ನೆಲಕ್ಕಿಳಿಯುತ್ತದೆ. ಕೃತಕ ಗರ್ಭಧಾರಣೆಯ ವೀರ್ಯ ತುಂಬಿದ ಸಣ್ಣ ಕೊಳವೆಗಳನ್ನು, ಅಂದರೆ ಸ್ಟ್ರಾಗಳನ್ನು, ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇಡುವ ಪಾತ್ರೆ ಇದು. ಇಂಡಿಯನ್ ಆಯಿಲ್‌ನವರು ನಾಸಿಕ್‌ನಲ್ಲಿ ಮಾಡುವ ಕ್ರಯೋಕ್ಯಾನ್ ಹೆಸರು ಎಲ್ಲರೂ ಕೇಳಿದ್ದೇ. ಬೇರೆ ಕಂಪನಿಗಳ ಕ್ಯಾನುಗಳ ರಚನೆಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಹಾಗಾಗಿ ಇಲ್ಲಿ ಬರೆದಿರುವುದು ಒಂದು ಮಾಡೆಲ್ಲಿಗಲ್ಲ, 35 ಲೀಟರಿನ ಇಡೀ ಜಾತಿಗೆ.

ರಕ್ತದಿಂದ ಟಿ ಕೋಶ (ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕೋಶ) ಬೇರ್ಪಡಿಸಿ, ಅದರ ಮೈಮೇಲಿನ ಸಿಡಿ3, ಸಿಡಿ28 ಎಂಬ ಪ್ರೋಟೀನುಗಳಿಗೆ ಅಂಟುವ ಮಣಿಗಳಿಂದ ಎಚ್ಚರಿಸಿ, ಒಂದೆರಡು ದಿನದ ಮೇಲೆ ಲೆಂಟಿವೈರಸ್ ಎಂಬ ವೈರಾಣುವಿನ ಮೂಲಕ ಹೊಸ ವಂಶವಾಹಿ ಸೇರಿಸಿ, ಏಳರಿಂದ ಹತ್ತು ದಿನ ಬೆಳೆಸುವುದು ಕಾರ್-ಟಿ ಲ್ಯಾಬಿನ, ಅಂದರೆ ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲುವಂತೆ ಟಿ ಕೋಶವನ್ನು ತಿದ್ದುವ ಲ್ಯಾಬಿನ, ದಿನಚರಿ. ಅಷ್ಟೆಲ್ಲ ಪಾಡುಪಟ್ಟು ಬೆಳೆಸಿದ ಕೋಶಗಳನ್ನು ಇಡುವುದೆಲ್ಲಿ? ದೊಡ್ಡ ಊರಿನ ಲ್ಯಾಬ್‌ಗಳಲ್ಲಿ ತಾನೇ ತುಂಬಿಕೊಳ್ಳುವ ಟ್ಯಾಂಕ್ ಇರುತ್ತದೆ, ಮೈನಸ್ 150ರ ಫ್ರೀಜರ್ ಇರುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ಬಂತೆಂದರೆ ಹೊರಗೆ 42 ಡಿಗ್ರಿ, ಒಳಗೆ ಕರೆಂಟಿನ ಕಣ್ಣಾಮುಚ್ಚಾಲೆ. ಫ್ರೀಜರ್‌ಗೆ ಸ್ಟೆಬಿಲೈಸರ್ ಬೇಕು, ಜನರೇಟರ್ ಬೇಕು, ರಾತ್ರಿ ಎದ್ದು ನೋಡುವ ಆಳೂ ಬೇಕು. ಕ್ಯಾನಿಗೆ ಪ್ಲಗ್ಗೇ ಇಲ್ಲ. ಸಂಶೋಧನೆಯ ಕೋಶಗಳಿಗೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ರೋಗಿಗೆ ಕೊಡುವ ಕೋಶಗಳಿಗೆ ಸೊನ್ನೆ. ಅದರ ಕಾರಣ ಮುಂದೆ ಬರುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಕಲಬುರಗಿ ಬಿಸಿಲಿಗೆ ನೈಟ್ರೋಜನ್ ನಿಲ್ಲುವುದಿಲ್ಲ ಅನ್ನುವವರು ಬಹಳ. ಲೆಕ್ಕ ಹಾಕಿ ನೋಡಿ. ಒಳಗೆ ಮೈನಸ್ 196, ಹೊರಗೆ 25 ಇದ್ದರೆ ವ್ಯತ್ಯಾಸ 221 ಡಿಗ್ರಿ. ಹೊರಗೆ 42 ಆದರೆ 238. ಕುತ್ತಿಗೆಯ ಮೂಲಕ ಹರಿಯುವ ಶಾಖ ಹೆಚ್ಚುವುದು ನೂರಕ್ಕೆ ಎಂಟರಷ್ಟು. ಗೋಡೆಯಿಂದ ಗೋಡೆಗೆ ವಿಕಿರಣವಾಗಿ ದಾಟುವ ಪಾಲು ಇನ್ನಷ್ಟು ಏರುತ್ತದೆ, ನಿಜ. ಆದರೆ ದಿನಕ್ಕೆ ಹತ್ತು ಸಲ ಮುಚ್ಚಳ ಎತ್ತಿದರೆ ಆಗುವ ನಷ್ಟದ ಮುಂದೆ ಇದು ಏನೂ ಅಲ್ಲ. ಬಿಸಿಲಿಗಿಂತ ಮುಚ್ಚಳಕ್ಕೆ ಹೆದರಬೇಕು. ಕಿಟಕಿಯ ನೇರ ಬಿಸಿಲು ತಪ್ಪಿಸಿದರೆ ಸಾಕು. ಕ್ಯಾನಿಗಾಗಿ ಎಸಿ ಹಾಕಿಸುವುದಂತೂ ಬೇಡ, ಮುಚ್ಚಿದ ಕೋಣೆಯಲ್ಲಿ ಅದು ಅಪಾಯಕ್ಕೂ ದಾರಿ.

ಕಂಪನಿಯವರು ಇಷ್ಟು ದಿನ ತಡೆಯುತ್ತದೆ ಎಂದು ಕೊಡುವ ಲೆಕ್ಕ ಅಲುಗಾಡದ, ಮುಚ್ಚಳ ತೆರೆಯದ ಕ್ಯಾನಿನದು. ನಿಮ್ಮ ಕ್ಯಾನಿನ ಲೆಕ್ಕ ನಿಮ್ಮ ತಕ್ಕಡಿಯಲ್ಲೇ ಸಿಗಬೇಕು. ಒಂದು ಲೀಟರ್ ಲಿಕ್ವಿಡ್ ನೈಟ್ರೋಜನ್ ಸುಮಾರು 0.8 ಕಿಲೋ ತೂಗುತ್ತದೆ. 35 ಲೀಟರ್ ಅಂದರೆ 28 ಕಿಲೋ. ಖಾಲಿ ಕ್ಯಾನಿನ ತೂಕ ಮೈಮೇಲೆ ಬರೆದಿಡಿ. ತೊಗರಿ ಚೀಲ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ 50 ಗ್ರಾಂ ವ್ಯತ್ಯಾಸ ತೋರಿಸುವಂತಿದ್ದರೆ ಅದೇ ನಡೆಯುತ್ತದೆ. ದಿನಕ್ಕೆ 240 ಗ್ರಾಂ ಇಳಿದರೆ 0.3 ಲೀಟರ್ ಹೋಯಿತೆಂದು ಅರ್ಥ, ತುಂಬಿದ ಕ್ಯಾನ್ ಖಾಲಿಯಾಗಲು 116 ದಿನ. ಖಾಲಿಯಾಗುವ ತನಕ ಕಾಯುವುದಲ್ಲ, ಮೂರನೇ ಒಂದು ಭಾಗಕ್ಕೆ ಬಂದಾಗ ತುಂಬಿಸಿ. ತಕ್ಕಡಿ ಇಲ್ಲದಿದ್ದರೆ ಮರದ ಅಳತೆಪಟ್ಟಿ: ತಳ ಮುಟ್ಟಿಸಿ ಹತ್ತು-ಹದಿನೈದು ಸೆಕೆಂಡ್ ಹಿಡಿದು, ಹೊರತೆಗೆದು ಗಾಳಿಯಲ್ಲಿ ಬೀಸಿದರೆ ದ್ರವವಿದ್ದಷ್ಟು ಎತ್ತರಕ್ಕೆ ಬಿಳಿ ಮಂಜು ಕೂರುತ್ತದೆ. ಪೊಳ್ಳು ಪೈಪು ಮಾತ್ರ ಇಳಿಸಬೇಡಿ. ಒಳಗೆ ಕುದಿದು ಮೇಲಿನ ತುದಿಯಿಂದ ಮುಖಕ್ಕೆ ಚಿಮ್ಮುತ್ತದೆ.

ಇನ್ನು ಕ್ಯಾನ್ ನಿಜವಾಗಿ ತೊಡಕಾಗುವ ಕಡೆಗೆ ಬರೋಣ. ಇದು ಸ್ಟ್ರಾಗಾಗಿ ಮಾಡಿದ್ದು, ಕೋಶ ಹೆಪ್ಪುಗಟ್ಟಿಸಿಡುವ 2 ಮಿಲಿಲೀಟರ್ ಶೀಶೆಗೆ, ಅಂದರೆ ಕ್ರಯೋವಯಲ್‌ಗಲ್ಲ. ವಯಲ್‌ಗಳನ್ನು ಕೇನ್ ಎಂಬ ಅಲ್ಯೂಮಿನಿಯಂ ಪಟ್ಟಿಗೆ ಒಂದರ ಮೇಲೊಂದು ಸಿಕ್ಕಿಸಿ, ಕೇನ್‌ಗಳನ್ನು ಕ್ಯಾನಿನೊಳಗೆ ತೂಗುವ ಉದ್ದ ಹಿಡಿಯ ಡಬ್ಬಿಗೆ, ಅಂದರೆ ಕ್ಯಾನಿಸ್ಟರ್‌ಗೆ, ಇಳಿಸಬೇಕು. ಕೊಳ್ಳುವ ಮುಂಚೆ ಕ್ಯಾನಿಸ್ಟರ್‌ನ ಒಳವ್ಯಾಸ ಮತ್ತು ಎತ್ತರ ಎರಡನ್ನೂ ಅಳೆಯಿರಿ. ಒಳವ್ಯಾಸ 38 ಮಿಲಿಮೀಟರ್ ಇದ್ದರೆ ಮೂರು ಕೇನ್ ಸಲೀಸಾಗಿ ಕೂರುತ್ತವೆ, ನಾಲ್ಕನೆಯದನ್ನು ತುರುಕಿದರೆ ತೆಗೆಯುವಾಗ ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. ಸುಮಾರು 28 ಸೆಂಟಿಮೀಟರ್ ಎತ್ತರದ ಕ್ಯಾನಿಸ್ಟರ್‌ನಲ್ಲಿ ಕೇನ್‌ಗೆ ಐದು ವಯಲ್, 12 ಸೆಂಟಿಮೀಟರಿನ ಗಿಡ್ಡ ಕ್ಯಾನಿಸ್ಟರ್ ಆದರೆ ಎರಡೇ. ಆರು ಉದ್ದ ಕ್ಯಾನಿಸ್ಟರ್ ಇದ್ದರೆ ಒಟ್ಟು 90 ವಯಲ್. ಒಂದು ವಿದ್ಯಾರ್ಥಿಯ ಪಿಎಚ್‌ಡಿಗೆ ಧಾರಾಳ, ಮೂವರು ಹಂಚಿಕೊಂಡರೆ ಜಗಳ ಖಚಿತ.

ಎರಡನೇ ತೊಡಕು ದೊಡ್ಡದು. ಸ್ಟ್ರಾದ ಬಾಯಿ ಪೂರ್ತಿ ಮುಚ್ಚಿರುತ್ತದೆ, ತಿರುಪಿನ ಮುಚ್ಚಳದ ವಯಲ್ ಹಾಗಲ್ಲ. ದ್ರವದಲ್ಲಿ ಮುಳುಗಿದ್ದರೆ ನೈಟ್ರೋಜನ್ ಒಳಗೆ ಜಿನುಗುತ್ತದೆ. 37 ಡಿಗ್ರಿಯ ವಾಟರ್ ಬಾತ್‌ಗೆ ಹಾಕಿದ ಕೂಡಲೇ ಆ ಹನಿ ಏಳುನೂರು ಪಟ್ಟು ಹಿಗ್ಗಿ ವಯಲ್ ಪಟಾಕಿಯಂತೆ ಸಿಡಿಯುತ್ತದೆ. ಅದಕ್ಕೇ ವಯಲ್ ತಯಾರಕರು ಆವಿಯಲ್ಲಿಡಿ, ದ್ರವದಲ್ಲಿಡಬೇಡಿ ಎಂದು ಬರೆದಿರುತ್ತಾರೆ. ಈ ಕ್ಯಾನಿನಲ್ಲಿ ಆವಿ ಬೇಕೆಂದರೆ ದ್ರವವನ್ನು ತಳದ ಒಂದಷ್ಟಕ್ಕೇ ನಿಲ್ಲಿಸಬೇಕು, ಆಗ ವಾರಕ್ಕೊಮ್ಮೆ ಅಳತೆ ನೋಡುವ ಗೋಳು. ಇನ್ನೊಂದು ದಾರಿ ಪ್ರತಿ ವಯಲ್‌ಗೂ ಶಾಖದಿಂದ ಎರಡೂ ಬದಿ ಅಂಟಿಸುವ ಕ್ರಯೋಫ್ಲೆಕ್ಸ್ ಕೊಳವೆಯ ಹೊದಿಕೆ. ಕೆಲಸ ಹೆಚ್ಚು, ಆದರೆ ಇದೇ ಸರಿಯಾದ ದಾರಿ. ಏನೇ ಮಾಡಿದರೂ ಹೊರತೆಗೆಯುವಾಗ ಪೂರ್ತಿ ಮುಖಗವಚ ಇರಲಿ, ಬರೀ ಕನ್ನಡಕ ಸಾಲದು.

ಸೋಂಕಿನ ಮಾತೂ ಇದೆ. ಲಂಡನ್‌ನ ಆಸ್ಪತ್ರೆಯೊಂದರಲ್ಲಿ ನೈಟ್ರೋಜನ್ ಟ್ಯಾಂಕಿನ ದ್ರವದ ಮೂಲಕವೇ ಒಬ್ಬರ ಅಸ್ಥಿಮಜ್ಜೆಯ ಚೀಲದಿಂದ ಇನ್ನೊಬ್ಬರದಕ್ಕೆ ಹೆಪಟೈಟಿಸ್ ಬಿ ದಾಟಿದ್ದು 1995ರಲ್ಲಿ ವರದಿಯಾಯಿತು. ನೈಟ್ರೋಜನ್ ವೈರಾಣುವನ್ನು ಕೊಲ್ಲುವುದಿಲ್ಲ, ಜೋಪಾನವಾಗಿ ಕಾಪಾಡುತ್ತದೆ. ಆದ್ದರಿಂದ ಪಶು ವಿಭಾಗದವರು ನಮ್ಮ ಕ್ಯಾನಿನಲ್ಲೇ ಜಾಗ ಇದೆ ಇಡಿ ಅಂದರೆ ಕೈಮುಗಿದು ಬೇಡ ಅನ್ನಿ. ದನದ ಸ್ಟ್ರಾ, ಮನುಷ್ಯರ ಟಿ ಕೋಶ ಒಂದೇ ಕ್ಯಾನಿನಲ್ಲಿ ಸಲ್ಲದು. ದಾನಿಯ ರಕ್ತದ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆಯ ಫಲಿತಾಂಶ ಬರುವ ಮುಂಚೆ ವಯಲ್ ಒಳಗಿಡಬಾರದು.

ಕ್ಯಾನ್ ಚೆನ್ನಾಗಿದ್ದೂ ಕೋಶ ಸತ್ತರೆ ಬೈಗುಳ ಕ್ಯಾನಿಗೇ ಬೀಳುತ್ತದೆ. ತಪ್ಪು ಬಹುತೇಕ ಹಿಂದಿನ ಹಂತದ್ದು. ಮಿಲಿಲೀಟರ್‌ಗೆ 50 ಲಕ್ಷದಿಂದ ಒಂದು ಕೋಟಿ ಕೋಶ, ನೂರಕ್ಕೆ 90 ಎಫ್‌ಬಿಎಸ್ (ಕರುವಿನ ಭ್ರೂಣದ ಸೀರಂ), 10 ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶ ಕಾಯುವ ರಾಸಾಯನಿಕ), ದ್ರಾವಣ ತಣ್ಣಗಿರಬೇಕು. ಡಿಎಂಎಸ್‌ಒ ಬೆರೆಸಿದ ಮೇಲೆ ಹತ್ತು ನಿಮಿಷದೊಳಗೆ ಫ್ರೀಜರ್ ಸೇರಬೇಕು. ಮೇ ತಿಂಗಳ ಕೋಣೆಯಲ್ಲಿ ಚಹಾ ಕುಡಿದು ಬಂದು ನೋಡೋಣ ಅಂದರೆ ಮುಗಿಯಿತು. ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಯಲು ಮಿಸ್ಟರ್ ಫ್ರಾಸ್ಟಿ ಡಬ್ಬಿಗೆ 250 ಮಿಲಿಲೀಟರ್ ಐಸೊಪ್ರೊಪನಾಲ್ ತುಂಬಿ, ಐದು ಸಲ ಬಳಸಿದ ಮೇಲೆ ಬದಲಿಸಿ. ಮೈನಸ್ 80ರಲ್ಲಿ ಒಂದು ರಾತ್ರಿ, ಮರುದಿನ ಕ್ಯಾನಿಗೆ. ಆ ಹತ್ತು ಹೆಜ್ಜೆಯ ದಾರಿಯಲ್ಲೂ ವಯಲ್‌ಗಳು ಡ್ರೈ ಐಸ್ ಮೇಲಿರಲಿ. ಮೈನಸ್ 80ರ ಫ್ರೀಜರ್ ಕೈಕೊಟ್ಟ ದಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ತುಂಬಿ ಅದರೊಳಗೆ ಫ್ರಾಸ್ಟಿ ಹೂತಿಟ್ಟರೂ ಕೆಲಸ ನಡೆಯುತ್ತದೆ, ಡ್ರೈ ಐಸ್ ಮೈನಸ್ 78 ಇರುತ್ತದೆ.

ಕ್ಯಾನಿನಿಂದಲೇ ಆಗುವ ಹಾನಿ ಒಂದುಂಟು, ಅದು ಕಣ್ಣಿಗೆ ಬೀಳದ ಹಾನಿ. ಕೆಳಗಿನ ಒಂದು ವಯಲ್‌ಗಾಗಿ ಇಡೀ ಕ್ಯಾನಿಸ್ಟರ್ ಹೊರಗೆಳೆದು ಹೆಸರು ಹುಡುಕುತ್ತ ನಿಂತರೆ ಮೇಲಿನವು ಮೈನಸ್ 120ರ ಗೆರೆ ದಾಟಿ ಮೇಲೆ ಬರುತ್ತವೆ. ಅಲ್ಲಿ ಗಾಜಿನಂತೆ ಗಟ್ಟಿಯಾಗಿದ್ದ ದ್ರಾವಣ ಸಡಿಲಗೊಂಡು ಮಂಜಿನ ಹರಳು ಬೆಳೆಯಲು ಎಡೆ ಸಿಗುತ್ತದೆ. ಪಶುವೈದ್ಯರ ಶಿಸ್ತು ಇಲ್ಲಿ ಕಲಿಯುವಂಥದ್ದು: ಕ್ಯಾನಿಸ್ಟರ್ ಕುತ್ತಿಗೆಯ ಮಂಜಿನ ಗೆರೆಗಿಂತ ಕೆಳಗೇ ಇರಬೇಕು, ಎಂಟು ಸೆಕೆಂಡಿನಲ್ಲಿ ಸಿಗದಿದ್ದರೆ ಮತ್ತೆ ಮುಳುಗಿಸಿ ಇನ್ನೊಮ್ಮೆ ಎತ್ತಬೇಕು. ಕೇನ್ ತುದಿಗೆ ಬಣ್ಣದ ಗುರುತು, ಗೋಡೆಗೆ ನಕ್ಷೆ ಇದ್ದರೆ ಹುಡುಕುವ ಪ್ರಮೇಯವೇ ಬರುವುದಿಲ್ಲ.

ಕರಗಿಸುವಾಗ ವಯಲ್ ಒಳಗೆ ತೊಗರಿ ಕಾಳಿನಷ್ಟು ಮಂಜು ಉಳಿದಿರುವಾಗಲೇ ತೆಗೆದು, 10 ಮಿಲಿಲೀಟರ್ ಕೋಶ ಬೆಳೆಸುವ ಬೆಚ್ಚಗಿನ ಆರ್‌ಪಿಎಂಐ ಮಾಧ್ಯಮವನ್ನು ಹನಿಹನಿಯಾಗಿ ಬೆರೆಸಿ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ 300 ಜಿ ಬಲಕ್ಕೆ ಹತ್ತು ನಿಮಿಷ ತಿರುಗಿಸಿ. ಸತ್ತ ಕೋಶಕ್ಕೆ ಮಾತ್ರ ಬಣ್ಣ ಹಿಡಿಸುವ ಟ್ರೈಪಾನ್ ಬ್ಲೂ ಎಣಿಕೆಯಲ್ಲಿ ನೂರಕ್ಕೆ 90 ಜೀವಂತ ಕಂಡರೂ ಹಿಗ್ಗಬೇಡಿ. ಮೇಲೆ ಹೇಳಿದ ಹಾನಿಗೊಳಗಾದ ಕೋಶಗಳು ಸಾಯುವುದು ಮರುದಿನ. 24 ಗಂಟೆಯ ಮೇಲಿನ ಎಣಿಕೆಯೇ ಕ್ಯಾನಿನ ನಿಜವಾದ ಅಂಕಪಟ್ಟಿ.

ರೋಗಿಗಳ ವಿಷಯ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಕೆಲಸದಿಂದ ಹುಟ್ಟಿದ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕ ಮೇಲೆ, ಇಲ್ಲಿಯೂ ಇಡಬಹುದಲ್ಲ ಎಂಬ ಮಾತು ಕೇಳಿಬರುತ್ತದೆ. ಆಗದ ಮಾತು. ಚಿಕಿತ್ಸೆಯ ಕೋಶಗಳನ್ನು ಸಾಮಾನ್ಯವಾಗಿ ಹೆಪ್ಪುಗಟ್ಟಿಸುವುದು ಚಪ್ಪಟೆ ಚೀಲದಲ್ಲಿ, ಲೋಹದ ಕ್ಯಾಸೆಟ್ಟಿನೊಳಗೆ. ಅದು ಈ ಸಣ್ಣ ಕುತ್ತಿಗೆಯಲ್ಲಿ ಇಳಿಯುವುದೇ ಇಲ್ಲ. ಅಮೆರಿಕದಲ್ಲಿ ಅನುಮತಿ ಪಡೆದ ಕಾರ್-ಟಿ ಚಿಕಿತ್ಸೆಗಳಲ್ಲಿ ಕಿಮ್ರಿಯಾ ಮೈನಸ್ 120 ಅಥವಾ ಅದಕ್ಕಿಂತ ಕೆಳಗೆ, ಯೆಸ್ಕಾರ್ಟಾ ಮೈನಸ್ 150 ಅಥವಾ ಅದಕ್ಕಿಂತ ಕೆಳಗೆ ಆವಿಯಲ್ಲಿರಬೇಕೆಂದು ಅವುಗಳ ಲೇಬಲ್‌ಗಳೇ ಹೇಳುತ್ತವೆ. ಕ್ಷಣಕ್ಷಣದ ತಾಪಮಾನದ ದಾಖಲೆ ಬೇಕು, ಎಚ್ಚರಿಕೆಯ ಗಂಟೆ ಬೇಕು. ಈ ಕ್ಯಾನಿಗೆ ಎರಡೂ ಇಲ್ಲ.

ಸುರಕ್ಷತೆಯಲ್ಲಿ ಒಂದೇ ಲೆಕ್ಕ ನೆನಪಿಡಿ. 35 ಲೀಟರ್ ದ್ರವ ಆವಿಯಾದರೆ ಸುಮಾರು 24,000 ಲೀಟರ್ ಅನಿಲ. ಉದ್ದ, ಅಗಲ, ಎತ್ತರ ಮೂರೂ 3 ಮೀಟರ್ ಇರುವ ಕೋಣೆಯಲ್ಲಿ ಹಿಡಿಯುವ ಗಾಳಿಯೇ 27,000 ಲೀಟರ್. ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಕ್ಯಾನ್ ಉರುಳಿದರೆ ಉಸಿರುಗಟ್ಟುವುದು ವಾಸನೆಯೂ ಬರದೆ, ಕೆಮ್ಮೂ ಬರದೆ. ಗಾಳಿಯ ಆಮ್ಲಜನಕ ನೂರಕ್ಕೆ 19.5ಕ್ಕಿಳಿದರೆ ಕೂಗುವ ಮೀಟರ್ ಕ್ಯಾನಿನ ಜೊತೆಗೇ ಕೊಳ್ಳಿ. ಲಿಫ್ಟಿನಲ್ಲಿ ಕ್ಯಾನ್ ಒಂದೇ ಹೋಗಲಿ, ಜನ ಮೆಟ್ಟಿಲಿನಲ್ಲಿ. ಮುಚ್ಚಳ ಸಡಿಲವಾಗಿದೆಯೆಂದು ಬಟ್ಟೆ ಸುತ್ತಿ ಬಿಗಿ ಮಾಡುವವರುಂಟು. ಅದು ಸಡಿಲ ಇರುವುದೇ ಆವಿ ಹೊರಹೋಗಲಿ ಎಂದು.

ತುಂಬಿಸಲು ಹೈದರಾಬಾದಿಗೆ ಕಳಿಸುವುದಾದರೆ ಸಾಗಾಟಕ್ಕೆಂದೇ ಮಾಡಿದ ಬೇರೆ ಕ್ಯಾನ್ ಇಟ್ಟುಕೊಳ್ಳಿ. ಸಂಗ್ರಹದ ಕ್ಯಾನಿನಲ್ಲಿ ಒಳಪಾತ್ರೆ ಕುತ್ತಿಗೆಯಿಂದ ತೂಗುಬಿದ್ದಿರುತ್ತದೆ. ಹುಮನಾಬಾದ್ ದಾರಿಯ ನಾಲ್ಕು ಸ್ಪೀಡ್ ಬ್ರೇಕರ್ ಹಾರಿಸಿದರೆ ಆ ಕುತ್ತಿಗೆಯ ಜೋಡಣೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟು, ಎರಡು ಗೋಡೆಗಳ ನಡುವೆ ಶಾಖ ತಡೆಯುವ ನಿರ್ವಾತ ಹೋಗುತ್ತದೆ.

ಹಳೆಯದು ಅಗ್ಗಕ್ಕೆ ಸಿಕ್ಕರೆ ಹೀಗೆ ಪರೀಕ್ಷಿಸಿ: ಮೊದಲು ಐದು ಲೀಟರ್ ನಿಧಾನವಾಗಿ ಸುರಿದು ಕುದಿ ನಿಲ್ಲುವ ತನಕ ಕಾಯಿರಿ, ಆಮೇಲೆ ತುಂಬಿಸಿ. ಮೊದಲ ಎರಡು ದಿನದ ತೂಕ ಲೆಕ್ಕಕ್ಕಿಲ್ಲ, ಪಾತ್ರೆ ತಣಿಯಲು ಅಷ್ಟು ಹೊತ್ತು ಬೇಕು. ಮೂರನೇ ದಿನದಿಂದ ಐದು ದಿನ ಮುಚ್ಚಳ ಮುಟ್ಟದೆ ಬೆಳಿಗ್ಗೆ ಅದೇ ಹೊತ್ತಿಗೆ ತೂಗಿ. ಕುತ್ತಿಗೆಯ ಅಂಚಿನಲ್ಲಿ ಒಂದಿಷ್ಟು ಮಂಜು ಸಹಜ. ಹೊಟ್ಟೆಯ ಮೇಲೆ ಬೆವರು ಅಥವಾ ಬಿಳಿ ಪಟ್ಟೆ ಕಂಡರೆ ನಿರ್ವಾತ ಹೋಗಿದೆ. ಅವತ್ತೇ ಮಾರಿದವರಿಗೆ ವಾಪಸ್ ಕಳಿಸಿ.