ಕಾಗದದ ಇಟ್ಟಿಗೆ ಒತ್ತುವ ಅಚ್ಚು: ಹಂಡೆ ಒಲೆಗೆ ತರಬಹುದೇ?

ಕಬ್ಬಿಣದ ಪೆಟ್ಟಿಗೆ, ತೂತು ತಳ, ಮೇಲೊಂದು ಒತ್ತುಹಲಗೆ, ಎರಡು ಉದ್ದ ಹಿಡಿಕೆ. ಆನ್‌ಲೈನ್‌ನಲ್ಲಿ ಮಾರುವ ಈ ಅಚ್ಚಿನಲ್ಲಿ ಇರುವುದು ಇಷ್ಟೇ. ನೆನೆದ ಕಾಗದ ತುಂಬಿ ಹಿಡಿಕೆ ಅದುಮಿದರೆ ನೀರಿಳಿದು ಇಟ್ಟಿಗೆಯಾಗುತ್ತದೆ. ಸುಲಭದ ಕೆಲಸ ಅದೊಂದೇ, ಕಷ್ಟವೆಲ್ಲ ಒಣಗಿಸುವುದರಲ್ಲಿದೆ.

ಹಳೇ ಪತ್ರಿಕೆಗೆ ಗುಜರಿಯವರು ಕಾಸು ಕೊಡುತ್ತಾರೆ, ಅದನ್ನು ಸುಡಬೇಡಿ. ಅವರು ಬೇಡವೆನ್ನುವ ಹರಕು ರಟ್ಟು, ಮೊಟ್ಟೆ ಟ್ರೇ ಸಾಕು. ಚೂರು ಮಾಡಿ ಒಂದೆರಡು ದಿನ ನೆನೆಸಿ, ಕೋಲಿನಿಂದ ಕಡೆದು ಮುದ್ದೆ ಮಾಡಬೇಕು. ಹಾಳೆಯನ್ನು ಹಾಗೇ ಒತ್ತಿದರೆ ಒಣಗಿದ ಮೇಲೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಎರಡು ಪಾಲು ಮುದ್ದೆಗೆ ಒಂದು ಪಾಲು ಸಾಮಿಲ್ಲಿನ ಮರದ ಹೊಟ್ಟು. ಅದಕ್ಕಿಂತ ಹೊಟ್ಟು ಹೆಚ್ಚಾದಷ್ಟೂ ಇಟ್ಟಿಗೆ ಉದುರುತ್ತದೆ, ಹಿಡಿದಿಡುವುದು ಕಾಗದದ ನಾರು ತಾನೇ! ಪ್ಲೈವುಡ್ ಹೊಟ್ಟು ಬೇಡ, ಅದರಲ್ಲಿ ಅಂಟಿರುತ್ತದೆ. ಮಿರುಗುವ ಕಾಗದಕ್ಕೆ ಜೇಡಿಯ ಲೇಪವಿರುವುದರಿಂದ ಬೂದಿಯೇ ಜಾಸ್ತಿ.

ಅಚ್ಚನ್ನು ಅರ್ಧ ಮಾತ್ರ ತುಂಬಿ. ತೆಳು ಇಟ್ಟಿಗೆ ಬೇಗ ಒಣಗುತ್ತದೆ. ದಪ್ಪದ್ದು ಒಳ್ಳೇ ಬಿಸಿಲಿನಲ್ಲೂ ವಾರಗಟ್ಟಲೆ ಹಿಡಿಯುತ್ತದೆ. ಒಂದನ್ನು ಮುರಿದು ನೋಡಿ, ನಡುಭಾಗ ಕೈಗೆ ತಣ್ಣಗೆ ಹತ್ತಿದರೆ ಇನ್ನೂ ಹಸಿ. ಹಸಿಯದ್ದನ್ನು ಒಲೆಗಿಟ್ಟರೆ ಬಚ್ಚಲು ತುಂಬ ಹೊಗೆ, ನೀರು ಕಾಯುವುದಿಲ್ಲ. ಮಲೆನಾಡು, ಕರಾವಳಿಯವರು ಬೇಸಿಗೆಯಲ್ಲೇ ಮಾಡಿ ಅಟ್ಟಕ್ಕೇರಿಸಬೇಕು. ಜೂನ್ ನಂತರ ಒತ್ತಿದ್ದಕ್ಕೆ ಬೂಷ್ಟು ಗ್ಯಾರಂಟಿ. ಉರಿಸುವಾಗ ಎರಡು ಸೌದೆಯ ನಡುವೆ ಇಡಿ. ಒಂಟಿಯಾಗಿಟ್ಟರೆ ಮೈತುಂಬ ಬೂದಿ ಕಟ್ಟಿ, ಗಾಳಿಯಾಡದೆ ಬರೀ ಕನಲುತ್ತದೆ. ಆಗಾಗ ಕೆದಕಿ ಬೂದಿ ಉದುರಿಸಬೇಕು.

ಕೊಳ್ಳುವಾಗ ಹಿಡಿಕೆಯ ಕೀಲು ನೋಡಿ. ತೆಳು ಪಟ್ಟಿಯಾದರೆ ಅದುಮಿದಾಗ ಅಲ್ಲೇ ಬಾಗುತ್ತದೆ. ಬಣ್ಣ ಎದ್ದ ಕಡೆ ತುಕ್ಕು ಹತ್ತುತ್ತದೆ, ತೊಳೆದು ಒರೆಸಿಡಿ. ಬಿಸಿಲಿನ ಅಂಗಳ, ಹತ್ತಿರದಲ್ಲೊಂದು ಸಾಮಿಲ್ಲು ಎರಡೂ ಇದ್ದವರಿಗೆ ಇದು ಸರಿ. ತೆಂಗಿನ ಸಿಪ್ಪೆ, ಕರಟ, ಸೋಗೆ ಧಾರಾಳವಾಗಿರುವ ಮನೆಗೆ ದಂಡ.

ಬೆಂಕಿ ಹೊತ್ತಿಸುವ ಬಿಲ್ಲೆಗಂತೂ ಅಚ್ಚೇ ಬೇಡ. ಕಾಗದದ ಮೊಟ್ಟೆ ಟ್ರೇಯ ಗುಳಿಗಳಿಗೆ ಒಣ ತೆಂಗಿನ ನಾರು ಅಥವಾ ಹೊಟ್ಟು ತುಂಬಿ, ಮೋಂಬತ್ತಿ ತುಂಡುಗಳ ಕರಗಿದ ಮೇಣ ಹೊಯ್ದು, ಆರಿದ ಮೇಲೆ ಕತ್ತರಿಸಿಕೊಳ್ಳಿ. ಅಂಚಿಗೆ ಕಡ್ಡಿ ಗೀರಿದರೆ ಸಣ್ಣ ಪುಳ್ಳೆ ಹತ್ತಿಕೊಳ್ಳುವಷ್ಟು ಹೊತ್ತು ಉರಿಯುತ್ತದೆ. ಹಾಲಿನ ಪ್ಯಾಕೆಟ್ ಸುಡುವ ಕೆಟ್ಟ ಚಾಳಿ ತಪ್ಪುತ್ತದೆ. ಮೇಣವನ್ನು ನೇರ ಉರಿಗಿಡದೆ, ಡಬ್ಬಿಯಲ್ಲಿ ಹಾಕಿ ಕುದಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಅಕಸ್ಮಾತ್ ಹೊತ್ತಿಕೊಂಡರೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿ.