ಟ್ರಯಲ್‌ನ ಲೆಕ್ಕ ನಂಬಬಹುದಾ? ನಾನು ಮಾಡಿ ನೋಡಿದ ಪರೀಕ್ಷೆಗಳು

ಹಾಸನದಲ್ಲಿ ಡಾಕ್ಟರ್ ಓದುವ ಮಕ್ಕಳಿಗೆ ನಾನು ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಟ್ರಯಲ್, ಅಂದರೆ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡುವುದು, ಅದರ ಲೆಕ್ಕ ವೈದ್ಯಕೀಯ ಜರ್ನಲ್‌ನಲ್ಲಿ ಅಚ್ಚಾಗಿದೆ ಅಂದ ಮೇಲೆ ಅವರು ಅನುಮಾನವನ್ನೇ ಪಡುವುದಿಲ್ಲ. ನಾಳೆ ಸಕಲೇಶಪುರದ ಯಾರಿಗೋ ಆ ಲೆಕ್ಕ ನಂಬಿಯೇ ಔಷಧಿ ಬರೆಯುವವರು ಇವರು. ನನಗೆ ಅದೇ ಹೆದರಿಕೆ. ಹಾಗಾಗಿ ಸುಳ್ಳು ಅಂಕಿ ಹಿಡಿಯುವ ದಾರಿಗಳನ್ನು ಒಂದೊಂದಾಗಿ ಮಾಡಿ ನೋಡಿದೆ.

ಮೊದಲು ಗ್ರಿಮ್ ಪರೀಕ್ಷೆ: ಅಷ್ಟು ಜನರಿಂದ ಅಂಥ ಸರಾಸರಿ ಬರೋಕೆ ಸಾಧ್ಯವಾ ಅಂತ ನೋಡುವುದು. 2016ರಲ್ಲಿ ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ಮುಂದಿಟ್ಟದ್ದು. ಒಂದು ಪ್ರಬಂಧದಲ್ಲಿ 22 ರೋಗಿಗಳ ನೋವಿನ ಅಂಕ ಸರಾಸರಿ 3.47 ಅಂತ ಇತ್ತು. ನೋವಿನ ಅಂಕ ಪೂರ್ಣ ಸಂಖ್ಯೆ, ಮೂರು, ನಾಲ್ಕು, ಹೀಗೆ. ಒಟ್ಟು 76 ಆದರೆ ಸರಾಸರಿ 3.45. 77 ಆದರೆ 3.50. ನಡುವೆ 3.47 ಬರೋಕೆ ಜಾಗವೇ ಇಲ್ಲ! ಕ್ಯಾಲ್ಕುಲೇಟರ್ ಸಾಕು, ಎರಡು ನಿಮಿಷದ ಕೆಲಸ. ಆದರೆ ರೋಗಿಗಳು ನೂರು ದಾಟಿದರೆ ಎರಡು ದಶಮಾಂಶದ ಸರಾಸರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಅಚ್ಚಿನ ತಪ್ಪಾಗಿರಬಹುದು, ಒಬ್ಬಿಬ್ಬರು ಉತ್ತರ ಕೊಡದೆ ಬಿಟ್ಟಿರಬಹುದು. ಅದನ್ನು ಗ್ರಿಮ್ ಹೇಳದು.

ಎರಡನೆಯದು ಜಾನ್ ಕಾರ್ಲೈಲ್ ಅವರ ದಾರಿ. ಇಂಗ್ಲೆಂಡಿನ ಅರಿವಳಿಕೆ ವೈದ್ಯರು. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿದರೆ, ಶುರುವಿನಲ್ಲಿ ವಯಸ್ಸು, ತೂಕದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಗುಂಪುಗಳು ತೀರಾ ಒಂದೇ ತರಹ ಇದ್ದರೂ ಅನುಮಾನ, ತೀರಾ ಬೇರೆ ಇದ್ದರೂ ಅನುಮಾನ. 2012ರಲ್ಲಿ ಅವರು ಜಪಾನಿನ ಅರಿವಳಿಕೆ ವೈದ್ಯ ಯೋಶಿತಾಕ ಫುಜಿಯವರ 168 ಟ್ರಯಲ್‌ಗಳನ್ನು ಹೀಗೇ ತೂಗಿದರು, ಆ ಅಂಕಿಗಳು ಸಹಜವಾಗಿ ಬರುವಂಥವಲ್ಲ ಅಂತ ಕಂಡಿತು. ಅಷ್ಟು ರಾಶಿ ಇದ್ದಾಗ ಇದು ಗಟ್ಟಿ ಸಾಕ್ಷಿ. ನಾನು ಒಂದೇ ಟ್ರಯಲ್‌ಗೆ ಹಾಕಿದಾಗ ಮಾತ್ರ ಕೈಗೆ ಏನೂ ಹತ್ತಲಿಲ್ಲ. ಎತ್ತರ, ತೂಕ, ಅವೆರಡರಿಂದಲೇ ಲೆಕ್ಕ ಹಾಕುವ ಬಿಎಂಐ, ಇವು ಒಂದಕ್ಕೊಂದು ಅಂಟಿಕೊಂಡವು. ಮೂರನ್ನೂ ಬೇರೆ ಬೇರೆ ಸಾಕ್ಷಿ ಅಂತ ಎಣಿಸುವ ಹಾಗಿಲ್ಲ. ಇನ್ನೊಂದು ಮಾತು: ಊಟದ ಪದ್ಧತಿಗೂ ಹೃದಯದ ಕಾಯಿಲೆಗೂ ಇರುವ ನಂಟು ನೋಡಿದ ಸ್ಪೇನಿನ ಪ್ರೆಡಿಮೆಡ್ ಟ್ರಯಲ್ ಕೂಡ ಇವರ ಜರಡಿಯಲ್ಲೇ ಸಿಕ್ಕಿದ್ದು. ಅಲ್ಲಿ ಮೋಸ ಇರಲಿಲ್ಲ. ಜನರನ್ನು ಗುಂಪುಗಳಿಗೆ ಹಂಚುವುದರಲ್ಲಿ ತಪ್ಪಾಗಿತ್ತು. 2018ರಲ್ಲಿ ಹಿಂದಕ್ಕೆ ಪಡೆದು, ಸರಿಮಾಡಿ ಮತ್ತೆ ಪ್ರಕಟಿಸಿದರು.

ಮೂರನೆಯದು ಕೊನೆಯ ಅಂಕಿ ನೋಡುವ ಪರೀಕ್ಷೆ: ನಿಜವಾಗಿ ಅಳೆದದ್ದಾದರೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಕೊನೆಯಲ್ಲಿ ಹೆಚ್ಚುಕಡಿಮೆ ಸಮನಾಗಿ ಬರಬೇಕು. ಇದನ್ನು ನಮ್ಮದೇ ಡೇಟಾ ಮೇಲೆ ಮಾಡಿದೆ. ತೋಟದ ಕೆಲಸಗಾರರ ಬಿಪಿ. 120, 130, 140, ಸೊನ್ನೆಯಲ್ಲಿ ಮುಗಿಯುವುದೇ ಜಾಸ್ತಿ! ಎದೆ ಧಸಕ್ ಅಂತು. ನೋಡಿದರೆ ಪಾದರಸದ ಮೀಟರ್ ಓದಿದ ಸಿಸ್ಟರ್ ಹತ್ತಿರದ ಹತ್ತಕ್ಕೆ ಬರೆದಿದ್ದರು. ಪಾಪ, ಕೈಯ ರೂಢಿ ಅದು. ಈ ಪರೀಕ್ಷೆ ಒಂದನ್ನೇ ನಂಬಿ ಯಾರನ್ನೂ ಕಳ್ಳ ಅನ್ನಬೇಡಿ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲು ರೋಗಿ ರೋಗಿಯ ಮೂಲ ಡೇಟಾ. ಎಕ್ಸೆಲ್‌ನಲ್ಲಿ ಸಾಲುಗಳನ್ನು ಜೋಡಿಸಿದರೆ ನಕಲು ಮಾಡಿದ ಸಾಲು ಕಣ್ಣಿಗೆ ಹೊಡೆಯುತ್ತದೆ. ಕಾರ್ಲೈಲ್ ತಾವು ಸಂಪಾದಕರಾಗಿದ್ದ ‘ಅನಸ್ತೀಸಿಯ’ ಜರ್ನಲ್‌ಗೆ ಬಂದ 526 ಟ್ರಯಲ್‌ಗಳ ಬಗ್ಗೆ 2021ರಲ್ಲಿ ಬರೆದರು. ಮೂಲ ಡೇಟಾ ಸಿಕ್ಕ 153ರಲ್ಲಿ ಶೇ. 44ರಲ್ಲಿ ಸುಳ್ಳು ಡೇಟಾ ಕಂಡಿತು. ಡೇಟಾ ಸಿಗದ ಟ್ರಯಲ್‌ಗಳಲ್ಲಿ ಕಂಡದ್ದು ಶೇ. 2 ಮಾತ್ರ. ಉಳಿದವು ಶುದ್ಧ ಅಂತಲ್ಲ, ನೋಡೋಕೆ ಏನೂ ಇರಲಿಲ್ಲ, ಅಷ್ಟೇ ಅಲ್ವಾ?

ಆ 3.47ರ ಲೇಖಕರಿಗೆ ಮೂಲ ಡೇಟಾ ಕೇಳಿ ಎರಡು ಸಲ ಬರೆದೆ. ಉತ್ತರ ಬಂದಿಲ್ಲ. ಈ ವಾರ ಮೂರನೇ ಸಲ ಬರೆಯುತ್ತಿದ್ದೇನೆ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು.